ಜರ್ನಲ್ ಸಂಪಾದಕರಿಗೆ: ಅನುಮಾನದ ಲೇಖನ ಕೈಗೆ ಬಂದಾಗ ಮೊದಲು ಏನು, ಆಮೇಲೆ ಏನು

ಸಣ್ಣ ಜರ್ನಲ್ ನಡೆಸುವ ಮೇಷ್ಟ್ರುಗಳಿಂದ ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಹೋದ ಸಂಚಿಕೆಯ ಲೇಖನ ಕದ್ದದ್ದು ಅಂತ ಯಾರೋ ಮೇಲ್ ಹಾಕಿದ್ದಾರೆ ಸರ್. ತಕ್ಷಣ ವೆಬ್‌ಸೈಟ್‌ನಿಂದ ತೆಗೆದುಬಿಟ್ಟೆ. ಲೇಖಕರಿಗೂ ಫೋನ್ ಮಾಡಿ ಚೆನ್ನಾಗಿ ಬೈದೆ. ಈಗ ಏನು ಮಾಡಲಿ?"

ಅಷ್ಟರಲ್ಲಿ ಮೂರು ತಪ್ಪು ಆಗಿಹೋಗಿರುತ್ತವೆ. ಸಾಕ್ಷಿ ಹೋಗಿದೆ. ಲೇಖಕರು ಎಚ್ಚೆತ್ತುಕೊಂಡಿದ್ದಾರೆ. ಆ ಲೇಖನವನ್ನು ಆಗಲೇ ಓದಿ ತಮ್ಮ ಬರಹದಲ್ಲಿ ಉಲ್ಲೇಖಿಸಿದವರಿಗೆ ಏನೂ ಗೊತ್ತಿಲ್ಲ.

ನಾನೂ ಇದೇ ಗುಂಡಿಗೆ ಬಿದ್ದವನು. ಒಂದು ಕಾಲೇಜಿನ ಜರ್ನಲ್‌ಗೆ ಸಹ ಸಂಪಾದಕನಾಗಿದ್ದಾಗ, ದೂರು ಬಂದ ಲೇಖನದ ಪಿಡಿಎಫ್ ಅಳಿಸಿ ಹಾಕಿ ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಎರಡು ತಿಂಗಳಾದ ಮೇಲೆ ಲೇಖಕರು "ಅಂಥ ಪ್ಯಾರಾ ನನ್ನ ಲೇಖನದಲ್ಲಿ ಇರಲೇ ಇಲ್ಲ" ಎಂದರು. ತೋರಿಸಲು ನನ್ನ ಹತ್ತಿರ ಒಂದು ಪುಟವೂ ಇರಲಿಲ್ಲ.

ಸಂಪಾದಕರು ಪೊಲೀಸರಲ್ಲ, ಜಡ್ಜ್ ಕೂಡ ಅಲ್ಲ. ಯಾರಿಗೆ ಎಷ್ಟು ಶಿಕ್ಷೆ ಅನ್ನುವುದು ಲೇಖಕರ ಸಂಸ್ಥೆ ನೋಡಿಕೊಳ್ಳಬೇಕಾದ ವಿಷಯ. ನಿಮ್ಮ ಪಾಲಿಗೆ ಇರುವುದು ನಿಮ್ಮ ಜರ್ನಲ್‌ನಲ್ಲಿ ಅಚ್ಚಾದದ್ದನ್ನು ನಂಬಬಹುದೋ ಬೇಡವೋ ಎಂದು ಓದುಗರಿಗೆ ತಿಳಿಸುವ ಕೆಲಸ. ಕೆಳಗಿನ ಹಂತಗಳ ಕ್ರಮ ಈ ಗಡಿಯ ಮೇಲೆಯೇ ನಿಂತಿದೆ. ಕ್ರಮ ತಪ್ಪಿಸಬೇಡಿ.

## ಮೊದಲು ಕೈಯಲ್ಲಿ ಇರಬೇಕಾದ ಸಾಮಾನು

ಜರ್ನಲ್ ಹೆಸರಿನಲ್ಲೇ ಒಂದು ಇಮೇಲ್ ಮಾಡಿಸಿ. ನಿಮ್ಮ ಸ್ವಂತ ಜಿಮೇಲ್ ಬೇಡ. ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಅದರಲ್ಲಿ ದಿನಾಂಕ, ಯಾರಿಂದ ಬಂತು, ಯಾರಿಗೆ ಹೋಯಿತು, ಏನು ತೀರ್ಮಾನ ಆಯಿತು ಎಂಬ ನಾಲ್ಕು ಕಾಲಂ ಸಾಕು.

ಕೋಪ್ ಎಂದು ಎಲ್ಲರೂ ಕರೆಯುವ ಕಮಿಟಿ ಆನ್ ಪಬ್ಲಿಕೇಶನ್ ಎಥಿಕ್ಸ್‌ನ ಫ್ಲೋಚಾರ್ಟ್‌ಗಳನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಕೃತಿಚೌರ್ಯ, ನಕಲಿ ಡೇಟಾ, ಲೇಖಕರ ಹೆಸರಿನ ಜಗಳ, ಹೀಗೆ ಒಂದೊಂದಕ್ಕೂ ಒಂದೊಂದು ಹಾಳೆ ಇದೆ. ಓದಲು ಸದಸ್ಯರಾಗಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ.

ಹೋಲಿಕೆ ಹುಡುಕುವ ಸಾಫ್ಟ್‌ವೇರ್ ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲೇ ಇರಬಹುದು. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್ 2019ರಿಂದ ಶೋಧಶುದ್ಧಿ ಯೋಜನೆಯಲ್ಲಿ ಇದನ್ನು ವಿಶ್ವವಿದ್ಯಾಲಯಗಳಿಗೆ ಕೊಡುತ್ತಿದೆ. ಲೈಬ್ರರಿಯನ್ ಜೊತೆ ಸ್ನೇಹ ಇರಲಿ. ರಿಟ್ರಾಕ್ಷನ್ ವಾಚ್‌ನ ಡೇಟಾಬೇಸ್ ಕೂಡ ಗುರುತು ಹಾಕಿಕೊಳ್ಳಿ. ಅಚ್ಚಾದ ಮೇಲೆ ನಂಬುವಂತಿಲ್ಲ ಎಂದು ಜರ್ನಲ್‌ಗಳೇ ಹಿಂಪಡೆದ ಲೇಖನಗಳ ಈ ದೊಡ್ಡ ಪಟ್ಟಿಯನ್ನು, ಲೇಖನಗಳ ಗುರುತು ಸಂಖ್ಯೆ (ಡಿಒಐ) ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2023ರಲ್ಲಿ ಕೊಂಡುಕೊಂಡು ಎಲ್ಲರಿಗೂ ಉಚಿತ ಮಾಡಿತು.

ಕೊನೆಯದಾಗಿ, "ದೂರು ಬಂದರೆ ನಾವು ಹೀಗೆ ನಡೆದುಕೊಳ್ಳುತ್ತೇವೆ" ಎಂದು ಒಂದು ಪುಟ ಬರೆದು ವೆಬ್‌ಸೈಟ್‌ನಲ್ಲಿ ಹಾಕಿ. ಜಗಳ ಶುರುವಾದ ಮೇಲೆ ನಿಯಮ ಬರೆಯಲು ಹೋದರೆ ಯಾರೂ ಒಪ್ಪುವುದಿಲ್ಲ. 2025ರ ಫೆಬ್ರವರಿಯಲ್ಲಿ ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು ಕೈಬಿಟ್ಟಿತು. ಈಗ ಯಾವ ಜರ್ನಲ್ ಒಳ್ಳೆಯದು ಎಂದು ಕಾಲೇಜುಗಳೇ ತೂಗಿ ನೋಡಬೇಕು. ಅವರು ಮೊದಲು ಕಣ್ಣಾಡಿಸುವುದು ಇಂಥ ಪುಟದ ಮೇಲೆಯೇ.

## ಹಂತ 1: ಲೇಖನ ಬಂದ ದಿನ, ವಿಮರ್ಶಕರಿಗೆ (ಅಚ್ಚಿಗೆ ಮುಂಚೆ ಓದಿ ಅಭಿಪ್ರಾಯ ಹೇಳುವ ವಿಷಯತಜ್ಞರಿಗೆ) ಕಳಿಸುವ ಮುಂಚೆ

ಕನ್ನಡ ಲೇಖನವಾದರೆ ಮೊದಲು ಫಾಂಟ್ ನೋಡಿ. ಇದನ್ನು ಬಹಳ ಜನ ಬಿಡುತ್ತಾರೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಕಂಪ್ಯೂಟರ್‌ಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಫೈಲನ್ನು ಸಾಫ್ಟ್‌ವೇರ್‌ಗೆ ಹಾಕಿದರೆ ಹೋಲಿಕೆ ಸೊನ್ನೆ ಅಂತ ಬರುತ್ತದೆ. ಪೂರ್ತಿ ಕದ್ದಿದ್ದರೂ ಸೊನ್ನೆಯೇ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಅರ್ಥವಿಲ್ಲದ ಚಿಹ್ನೆ ಬಂದರೆ ಅದು ಆಸ್ಕಿ. ಯೂನಿಕೋಡ್‌ಗೆ ಬದಲಿಸಿದ ಮೇಲೆಯೇ ಪರೀಕ್ಷೆಗೆ ಹಾಕಿ.

ಆಮೇಲೆ ಎಲ್ಲ ಲೇಖಕರ ಇಮೇಲ್ ಬಂದಿದೆಯೇ ನೋಡಿ. ಒಬ್ಬರದು ಮಾತ್ರ ಇದ್ದರೆ ಲೇಖನವನ್ನು ಮುಂದಕ್ಕೆ ಬಿಡಬೇಡಿ. ಪ್ರತಿಯೊಬ್ಬರಿಗೂ "ನಿಮ್ಮ ಹೆಸರಿನಲ್ಲಿ ಈ ಲೇಖನ ಬಂದಿದೆ" ಎಂದು ಒಂದು ಸಾಲಿನ ಮೇಲ್ ಹಾಕಿ. "ಅದ್ಯಾವ ಲೇಖನ?" ಎಂಬ ಉತ್ತರ ಬರುವುದೂ ಉಂಟು.

ಮನುಷ್ಯರ ಮೇಲೆ ಅಧ್ಯಯನ ನಡೆದಿದ್ದರೆ ಎಥಿಕ್ಸ್ ಕಮಿಟಿಯ ಅನುಮತಿ ಪತ್ರದ ನಕಲನ್ನೇ ಕೇಳಿ. "ಅನುಮತಿ ಪಡೆಯಲಾಗಿದೆ" ಎಂಬ ಸಾಲು ಸಾಲದು. ಪತ್ರದ ದಿನಾಂಕ ಅಧ್ಯಯನ ಶುರುವಾದ ದಿನಾಂಕಕ್ಕಿಂತ ಮುಂಚಿನದೇ ಎಂದು ನೋಡಿ. ಔಷಧಿ, ಚಿಕಿತ್ಸೆಯ ಪ್ರಯೋಗವಾದರೆ ಸಿಟಿಆರ್‌ಐ, ಅಂದರೆ ಇಂಥ ಪ್ರಯೋಗಗಳ ಭಾರತದ ರಿಜಿಸ್ಟ್ರಿಯ ನೋಂದಣಿ ಸಂಖ್ಯೆ ಬೇಕು. ಆ ರಿಜಿಸ್ಟ್ರಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. 2018ರ ಏಪ್ರಿಲ್‌ನಿಂದ ಅಲ್ಲಿ ಪ್ರಯೋಗ ಶುರುವಾಗುವ ಮುಂಚೆಯೇ ನೋಂದಾಯಿಸಬೇಕು.

## ಹಂತ 2: ಸಿಮಿಲಾರಿಟಿ ರಿಪೋರ್ಟ್ ಓದುವುದು

ಜಾಸ್ತಿ ಜನ ಎಡವುವುದು ಇಲ್ಲಿ. ಹೋಲಿಕೆ ಎಷ್ಟಿದೆ ಎಂದು ಸಾಫ್ಟ್‌ವೇರ್ ಕೊಡುವ ರಿಪೋರ್ಟ್‌ನ ಮೊದಲ ಪುಟದ ಶೇಕಡಾ ನೋಡಿ, ಹತ್ತಕ್ಕಿಂತ ಕಡಿಮೆ ಇದ್ದರೆ ಪಾಸು, ಜಾಸ್ತಿ ಇದ್ದರೆ ಫೇಲು ಅಂದುಬಿಡುತ್ತಾರೆ.

ಆ ಹತ್ತು ಬಂದದ್ದು ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಿಂದ. ಅಲ್ಲಿ ಶೇ 10ರವರೆಗೆ ಸಣ್ಣ ಹೋಲಿಕೆ, ದಂಡನೆ ಇಲ್ಲ. 10ರಿಂದ 40 ಮೊದಲ ಹಂತ, 40ರಿಂದ 60 ಎರಡನೆಯದು, 60 ದಾಟಿದರೆ ಮೂರನೆಯದು. ಇದು ಸಂಸ್ಥೆಗಳು ಶಿಕ್ಷೆ ಕೊಡಲು ಮಾಡಿಕೊಂಡ ಅಳತೆ. ಲೇಖನ ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವ ಮಾಪಕ ಅಲ್ಲ. ಅದೇ ನಿಯಮ ಗ್ರಂಥಸೂಚಿ, ಮೂಲ ಹೇಳಿ ಕೊಟ್ಟ ಉದ್ಧರಣೆ, ಕಾನೂನಿನ ಪಠ್ಯ, ಸೂತ್ರಗಳನ್ನು ಲೆಕ್ಕದಿಂದ ಬಿಡಬೇಕು ಎನ್ನುತ್ತದೆ. ಎಲ್ಲರೂ ಬಳಸುವ ಮಾತುಗಳು ಸತತ 14 ಪದಗಳವರೆಗೆ ಹೊಂದಿದರೂ ಲೆಕ್ಕಕ್ಕಿಲ್ಲ. ಸಾಫ್ಟ್‌ವೇರ್ ಇದನ್ನೆಲ್ಲ ತಾನಾಗಿ ಬಿಡುವುದಿಲ್ಲ. ಸೆಟ್ಟಿಂಗ್‌ನಲ್ಲಿ ನೀವೇ ಟಿಕ್ ಹಾಕಬೇಕು.

ಎರಡು ಲೇಖನ ಪಕ್ಕಪಕ್ಕ ಇಟ್ಟುಕೊಳ್ಳೋಣ. ಒಂದು ಬಸವಣ್ಣನ ವಚನಗಳ ಬಗ್ಗೆ, ರಿಪೋರ್ಟ್ ಶೇ 34 ಹೇಳುತ್ತದೆ. ತೆರೆದು ನೋಡಿದರೆ ಬಣ್ಣ ಬಳಿದುಕೊಂಡಿರುವುದೆಲ್ಲ ವಚನಗಳೇ. ವಚನ ಉದ್ಧರಿಸದೆ ವಚನದ ಬಗ್ಗೆ ಬರೆಯೋಕೆ ಆಗುತ್ತಾ? ಶಾಸನದ ಪಾಠ ಕೊಟ್ಟ ಲೇಖನಕ್ಕೂ ಇದೇ ಕಥೆ. ಇನ್ನೊಂದು ಲೇಖನಕ್ಕೆ ಬರೀ ಶೇ 7. ಆ ಏಳೂ ಒಂದೇ ಕಡೆ ಇದೆ. ತೀರ್ಮಾನದ ಎರಡು ಪ್ಯಾರಾ, ಅಕ್ಷರಕ್ಕೆ ಅಕ್ಷರ, ಬೇರೊಬ್ಬರ ಪಿಎಚ್‌ಡಿ ಪ್ರಬಂಧದಿಂದ ಬಂದದ್ದು. ಶೇಕಡಾ ನಂಬಿದರೆ ಮೊದಲನೆಯದು ಬೀಳುತ್ತದೆ, ಎರಡನೆಯದು ಅಚ್ಚಾಗುತ್ತದೆ.

ಹಾಗಾಗಿ ಓದುವ ಕ್ರಮ ಹೀಗಿರಲಿ. ಮೊದಲು ಹೋಲಿಕೆ ಎಲ್ಲಿದೆ ನೋಡಿ. ವಿಧಾನ ಹೇಳುವ ಭಾಗದಲ್ಲಿ ಸ್ವಲ್ಪ ಇದ್ದರೆ ತಿದ್ದಿಸಬಹುದು. ಫಲಿತಾಂಶ, ತೀರ್ಮಾನದಲ್ಲಿದ್ದರೆ ಅದು ಗಂಭೀರ. ಆಮೇಲೆ ಒಂದೇ ಮೂಲದಿಂದ ಬಂದದ್ದು ಎಷ್ಟು ಎಂದು ನೋಡಿ. ಇಪ್ಪತ್ತು ಕಡೆಯಿಂದ ಒಂದೊಂದು ಶೇಕಡಾ ಬರುವುದಕ್ಕೂ ಒಂದೇ ಕಡೆಯಿಂದ ಹನ್ನೆರಡು ಬರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಕೊನೆಗೆ ಆ ಮೂಲದ ಲೇಖಕರು ಯಾರು ನೋಡಿ. ಅವರೇ ಇವರಾಗಿದ್ದರೆ ಅದು ಬೇರೆ ಪ್ರಶ್ನೆ: ಹಳೆಯ ಲೇಖನವನ್ನೇ ಹೊಸ ಹೆಸರಿನಲ್ಲಿ ಕೊಟ್ಟಿದ್ದಾರೋ, ಒಂದೇ ಸಮೀಕ್ಷೆಯನ್ನು ಹೋಳು ಮಾಡಿ ನಾಲ್ಕು ಜರ್ನಲ್‌ಗೆ ಹಂಚಿದ್ದಾರೋ?

ಇಂಗ್ಲಿಷ್‌ನಿಂದ ಕನ್ನಡಕ್ಕೆ ಇಳಿಸಿಕೊಂಡ ಲೇಖನ ಸಾಮಾನ್ಯವಾಗಿ ಯಾವ ಸಾಫ್ಟ್‌ವೇರ್ ಬಲೆಗೂ ಬೀಳುವುದಿಲ್ಲ. ಅದಕ್ಕೆ ನಾನು ಮಾಡುವುದು ಇಷ್ಟು. ಹೆಸರು, ಇಸವಿ, ಅಂಕಿ ಇರುವ ಒಂದು ಪ್ಯಾರಾ ಆರಿಸಿ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಇಂಗ್ಲಿಷ್ ಮಾಡಿಸಿ, ಅದರ ಎರಡು ವಾಕ್ಯ ಹುಡುಕುತ್ತೇನೆ. ಭಾಷೆಯೇ ಸುಳಿವು ಕೊಡುವುದೂ ಉಂಟು. ಹಳ್ಳಿಯ ಸಮೀಕ್ಷೆಯ ಲೇಖನದಲ್ಲಿ "ಫೀಲ್ಡ್ ವರ್ಕ್" ಹೋಗಿ "ಹೊಲದ ಕೆಲಸ" ಆಗಿದ್ದರೆ ಬರೆದದ್ದು ಮೆಷೀನು ಅಂತ ತಿಳಿಯಿರಿ.

ಇಂಗ್ಲಿಷ್ ಲೇಖನಗಳಲ್ಲಿ ಇದರ ಅಣ್ಣ ಇದ್ದಾನೆ. ಸಾಫ್ಟ್‌ವೇರ್ ಕಣ್ಣು ತಪ್ಪಿಸಲು ಪ್ರತಿ ಪದಕ್ಕೂ ಸಮಾನಾರ್ಥಕ ಹಾಕಿಸುವುದು. ಗಿಯೋಮ್ ಕಬನಾಕ್ ಮತ್ತು ಜೊತೆಗಾರರು 2021ರಲ್ಲಿ ಇವಕ್ಕೆ "ಟಾರ್ಚರ್ಡ್ ಫ್ರೇಸಸ್" ಎಂದು ಹೆಸರಿಟ್ಟರು. "ಆರ್ಟಿಫಿಶಿಯಲ್ ಇಂಟೆಲಿಜೆನ್ಸ್" ಇರಬೇಕಾದ ಕಡೆ "ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್", "ಬ್ರೆಸ್ಟ್ ಕ್ಯಾನ್ಸರ್" ಇರಬೇಕಾದ ಕಡೆ "ಬೋಸಮ್ ಪೆರಿಲ್". ಇಂಥವು ಎರಡು ಸಿಕ್ಕರೆ ಸಾಕು, ಇಡೀ ಲೇಖನವನ್ನು ಅನುಮಾನದಿಂದ ಓದಿ.

## ಹಂತ 3: ಅಂಕಿ ಮತ್ತು ಚಿತ್ರ

ಅಂಕಿ ಪರೀಕ್ಷೆಗೆ ಸ್ಟ್ಯಾಟಿಸ್ಟಿಕ್ಸ್ ಪಂಡಿತರೇ ಬೇಕೆಂದಿಲ್ಲ. ಫೋನಿನ ಕ್ಯಾಲ್ಕುಲೇಟರ್ ಸಾಕು.

ಒಂದು ಪ್ರಶ್ನೆಗೆ 25 ಜನ 1ರಿಂದ 5ರವರೆಗೆ ಅಂಕ ಕೊಟ್ಟಿದ್ದಾರೆ, ಸರಾಸರಿ 3.47 ಎಂದು ಟೇಬಲ್‌ನಲ್ಲಿದೆ ಅನ್ನಿ. ಎಲ್ಲರೂ ಪೂರ್ಣ ಅಂಕವನ್ನೇ ಕೊಟ್ಟಿರುವುದರಿಂದ ಒಟ್ಟು ಮೊತ್ತವೂ ಪೂರ್ಣಾಂಕವೇ ಆಗಬೇಕು. 86ನ್ನು 25ರಿಂದ ಭಾಗಿಸಿದರೆ 3.44. 87ನ್ನು ಭಾಗಿಸಿದರೆ 3.48. ನಡುವೆ 3.47 ಬರಲು ದಾರಿಯೇ ಇಲ್ಲ. ಇದಕ್ಕೆ ಗ್ರಿಮ್ ಟೆಸ್ಟ್ ಎನ್ನುತ್ತಾರೆ. ಜನ ನೂರಕ್ಕಿಂತ ಕಡಿಮೆ ಇದ್ದು ಎರಡು ದಶಾಂಶ ಕೊಟ್ಟಿರುವ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ತಕ್ಷಣ ಕಳ್ಳ ಅನ್ನಬೇಡಿ. ಕೆಲವರು ಆ ಪ್ರಶ್ನೆ ಬಿಟ್ಟಿರಬಹುದು, ಟೈಪಿಂಗ್ ತಪ್ಪಿರಬಹುದು. ಮೂಲ ಡೇಟಾ ಶೀಟ್ ಕೇಳಿ. ನಿಜವಾಗಿ ಸಮೀಕ್ಷೆ ಮಾಡಿದವರು ಎರಡು ದಿನದಲ್ಲಿ ಕಳಿಸುತ್ತಾರೆ. "ಪೆನ್‌ಡ್ರೈವ್ ಹಾಳಾಯಿತು", "ಲ್ಯಾಪ್‌ಟಾಪ್ ಕಳುವಾಯಿತು" ಅನ್ನುವ ಮಾತು ಬಂದರೆ ಹಾಳೆಯಲ್ಲಿ ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ.

ಡೇಟಾ ಕೇಳದಿದ್ದರೆ ಎಷ್ಟು ದೊಡ್ಡವರಿಗೂ ಏಟು ಬೀಳುತ್ತದೆ. 2020ರ ಮೇ 22ರಂದು ಹೆಸರಾಂತ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯ ಬಗ್ಗೆ ಒಂದು ಲೇಖನ ಹಾಕಿತು. 671 ಆಸ್ಪತ್ರೆ, 96 ಸಾವಿರ ಕೋವಿಡ್ ರೋಗಿಗಳ ದಾಖಲೆ ಅಂತ ಹೇಳಿಕೆ. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ನಿಲ್ಲಿಸಿತ್ತು. ಆಮೇಲೆ ಓದುಗರು ಗಮನಿಸಿದ್ದು ಏನು ಗೊತ್ತಾ? ಲೇಖನದಲ್ಲಿದ್ದ ಆಸ್ಟ್ರೇಲಿಯಾದ ಸಾವುಗಳು ಆ ಹೊತ್ತಿಗೆ ಆ ದೇಶದ ಸರ್ಕಾರವೇ ಕೊಟ್ಟ ಲೆಕ್ಕಕ್ಕಿಂತ ಜಾಸ್ತಿ ಇದ್ದವು. ಡೇಟಾ ಇಟ್ಟುಕೊಂಡಿದ್ದ ಸರ್ಜಿಸ್ಫಿಯರ್ ಕಂಪನಿ ಹೊರಗಿನವರಿಗೆ ಅದನ್ನು ತೋರಿಸಲಿಲ್ಲ. ಜೂನ್ 4ಕ್ಕೆ ಲೇಖನ ವಾಪಸ್. ಹದಿಮೂರೇ ದಿನ.

ಚಿತ್ರಗಳ ವಿಷಯಕ್ಕೆ ಬಂದರೆ, ಲ್ಯಾಬ್ ವಿಜ್ಞಾನದ ಜರ್ನಲ್ ನಡೆಸುವವರು ಇದನ್ನು ತಪ್ಪಿಸಲೇಬಾರದು. ಎಲಿಸಬೆತ್ ಬಿಕ್ ಮತ್ತು ಜೊತೆಗಾರರು 20,621 ಲೇಖನಗಳ ಚಿತ್ರಗಳನ್ನು ಕಣ್ಣಲ್ಲೇ ನೋಡಿ 2016ರಲ್ಲಿ ವರದಿ ಮಾಡಿದರು. ಶೇ 3.8ರಲ್ಲಿ ಒಂದೇ ಚಿತ್ರ ಎರಡು ಕಡೆ ಬಂದಂಥ ತೊಂದರೆ ಇತ್ತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಿಂದ ಹೋಗಿ 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿಯಲ್ಲಿ ಬಂದ ಒಂದು ಲೇಖನವೂ ಚಿತ್ರಗಳ ತಕರಾರಿನಿಂದಲೇ 2021ರಲ್ಲಿ ವಾಪಸಾಯಿತು. ನೀವು ಮಾಡಬೇಕಾದ್ದು: ಚಿತ್ರವನ್ನು ದೊಡ್ಡದು ಮಾಡಿ, ಬ್ರೈಟ್‌ನೆಸ್ ಏರಿಸಿ ಇಳಿಸಿ, ತಿರುಗಿಸಿ ನೋಡಿ. ಅಂಟಿಸಿದ ಅಂಚು ಎದ್ದು ಕಾಣುತ್ತದೆ. ಮೂಲ ಫೈಲ್ ಕೇಳುವ ಹಕ್ಕು ನಿಮಗಿದೆ.

## ಹಂತ 4: ಹೆಸರುಗಳ ಪಟ್ಟಿ

ನಮ್ಮಲ್ಲಿ ಇದು ಸೂಕ್ಷ್ಮ. ಗೈಡ್ ಹೆಸರು, ಎಚ್‌ಒಡಿ ಹೆಸರು, ಪ್ರಿನ್ಸಿಪಾಲರ ಹೆಸರು ಗೌರವಕ್ಕೆ ಅಂತ ಸೇರಿಕೊಂಡುಬಿಡುತ್ತವೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ, ಐಸಿಎಂಜೆಇ, ಲೇಖಕ ಅನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ಅಧ್ಯಯನದಲ್ಲಿ ಗಟ್ಟಿ ಕೆಲಸ ಮಾಡಿರಬೇಕು, ಬರೆದಿರಬೇಕು ಇಲ್ಲವೇ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಪ್ರಶ್ನೆ ಬಂದರೆ ಉತ್ತರ ಹೇಳಲು ತಯಾರಿರಬೇಕು. ನಾಲ್ಕರಲ್ಲಿ ಮೂರು ಸಾಲದು. ದುಡ್ಡು ಕೊಡಿಸಿದವರು, ಲ್ಯಾಬ್ ಬಿಟ್ಟುಕೊಟ್ಟವರು ಕೃತಜ್ಞತೆಯ ಸಾಲಿಗೆ ಹೋಗಲಿ. ಎಐ ಸಾಧನಕ್ಕೆ ಉತ್ತರ ಹೇಳುವ ಜವಾಬ್ದಾರಿ ಇರುವುದಿಲ್ಲ, ಹಾಗಾಗಿ ಅದು ಲೇಖಕ ಆಗಲಾರದು. ಎಲ್ಲಿ ಬಳಸಿದ್ದಾರೆ ಅಂತ ಹೇಳಿದರೆ ಆಯಿತು.

ಯಾರು ಏನು ಮಾಡಿದರು ಎಂದು ಒಬ್ಬೊಬ್ಬರದೂ ಒಂದು ಸಾಲು ಬರೆಸಿಕೊಳ್ಳಿ. ಲೇಖನ ಒಪ್ಪಿದ ಮೇಲೆ ಹೊಸ ಹೆಸರು ಸೇರಿಸಿ ಅಂತ ಕೇಳಿದರೆ ಅಚ್ಚು ನಿಲ್ಲಿಸಿ. ಹೆಸರು ಮಾರುವ ಅಂಗಡಿಗಳ ವ್ಯವಹಾರ ಕುದುರುವುದು ಆ ಹೊತ್ತಿಗೇ. ಹಳಬರು, ಹೊಸಬರು ಎಲ್ಲರ ಲಿಖಿತ ಒಪ್ಪಿಗೆ, ಕಾರಣ ಎರಡೂ ಬರುವವರೆಗೆ ಮುಂದೆ ಹೋಗಬೇಡಿ.

## ಹಂತ 5: ವಿಮರ್ಶಕರು ನಿಜವಾಗಿ ಇದ್ದಾರಾ?

ಲೇಖಕರೇ ಸೂಚಿಸಿದ ವಿಮರ್ಶಕರ ಇಮೇಲ್‌ಗೆ ಸುಮ್ನೆ ಲೇಖನ ಕಳಿಸಬೇಡಿ. ಅವರ ಸಂಸ್ಥೆಯ ಪುಟಕ್ಕೆ ಹೋಗಿ ಅಲ್ಲಿರುವ ವಿಳಾಸ ತೆಗೆದುಕೊಳ್ಳಿ. 2012ರಲ್ಲಿ ದಕ್ಷಿಣ ಕೊರಿಯಾದ ಒಬ್ಬ ಸಂಶೋಧಕರು ಸಿಕ್ಕಿಬಿದ್ದರು. ತಾವೇ ಮಾಡಿಕೊಂಡ ಇಮೇಲ್‌ಗಳಿಂದ ತಮ್ಮ ಲೇಖನಗಳನ್ನು ತಾವೇ ವಿಮರ್ಶೆ ಮಾಡುತ್ತಿದ್ದರು. ಅನುಮಾನ ಹುಟ್ಟಿದ್ದು ವಿಮರ್ಶೆ 24 ಗಂಟೆಯೊಳಗೆ ಬರುತ್ತಿದ್ದುದರಿಂದ! ಮೂರು ಸಲ ನೆನಪಿಸಿದರೂ ಉತ್ತರ ಕೊಡದ ವಿಮರ್ಶಕರ ನಡುವೆ ಬದುಕುವ ನಮಗೆ ಇದಕ್ಕಿಂತ ದೊಡ್ಡ ಸುಳಿವು ಬೇಕೇ? 2014ರಲ್ಲಿ ಜರ್ನಲ್ ಆಫ್ ವೈಬ್ರೇಷನ್ ಅಂಡ್ ಕಂಟ್ರೋಲ್ ಇಂಥದ್ದೇ ಕೂಟದ ಕೆಲಸದಿಂದ 60 ಲೇಖನ ಹಿಂಪಡೆಯಿತು.

ಈ ಹಂತದ ಕೊನೆಗೆ ಇನ್ನೊಂದು, ನಮ್ಮ ಬಗ್ಗೆಯೇ. ಲೇಖನ ನಿಮ್ಮದೋ, ನಿಮ್ಮ ವಿದ್ಯಾರ್ಥಿಯದೋ, ಪಕ್ಕದ ಟೇಬಲ್‌ನವರದೋ ಆದರೆ ಅದನ್ನು ನೀವು ಮುಟ್ಟಬೇಡಿ. ಮಂಡಳಿಯ ಬೇರೆಯವರಿಗೆ ಕೊಡಿ, ಕೊಟ್ಟದ್ದನ್ನು ದಾಖಲಿಸಿ. "ನಮ್ಮ ಜರ್ನಲ್‌ನ ನಾಲ್ಕು ಲೇಖನ ಉಲ್ಲೇಖಿಸಿ, ಆಮೇಲೆ ನೋಡೋಣ" ಎಂದು ಲೇಖಕರಿಗೆ ಹೇಳುವುದೂ ಅಪರಾಧದ ಸಾಲಿನದೇ.

## ಹಂತ 6: ದೂರು ಬಂದ ದಿನ

ಈಗ ಲೇಖನ ಅಚ್ಚಾಗಿದೆ, ದೂರು ಬಂದಿದೆ. ಮೊದಲ ದಿನ ಮಾಡಬೇಕಾದ್ದು ಎರಡು.

ಒಂದು, ಎಲ್ಲವನ್ನೂ ಉಳಿಸಿ. ಅಚ್ಚಾದ ಪಿಡಿಎಫ್, ಲೇಖಕರು ಮೊದಲು ಕಳಿಸಿದ ಫೈಲ್, ವಿಮರ್ಶೆಗಳು, ಮೇಲ್‌ಗಳು, ದೂರಿನ ಪ್ರತಿ, ಮೂಲ ಎನ್ನಲಾದ ಲೇಖನ. ವೆಬ್‌ಪುಟದ ಸ್ಕ್ರೀನ್‌ಶಾಟ್ ಕೂಡ. ಎರಡು ಕಡೆ ಇಡಿ. ಜರ್ನಲ್ ಪುಟದಿಂದ ಏನನ್ನೂ ತೆಗೆಯಬೇಡಿ.

ಎರಡು, ದೂರು ಕೊಟ್ಟವರಿಗೆ "ತಲುಪಿದೆ, ಪರಿಶೀಲಿಸುತ್ತೇವೆ" ಎಂದು ಉತ್ತರಿಸಿ. ಹೆಸರಿಲ್ಲದ ದೂರಾದರೂ ಬದಿಗೆ ಸರಿಸಬೇಡಿ. ಯಾರು ಬರೆದರು ಅನ್ನುವುದಕ್ಕಿಂತ ಏನು ತೋರಿಸಿದ್ದಾರೆ ಅನ್ನುವುದು ಮುಖ್ಯ. ಪುಟ, ಪ್ಯಾರಾ, ಮೂಲ ಹೇಳಿದ್ದರೆ ತೂಕ ಇದೆ. "ಆ ಮನುಷ್ಯ ಮೊದಲಿಂದಲೂ ಕಳ್ಳ" ಅಂತಷ್ಟೇ ಇದ್ದರೆ ನಿರ್ದಿಷ್ಟ ಜಾಗ ತೋರಿಸಿ ಎಂದು ಕೇಳಿ.

ಈ ದಿನದ ಸಾಮಾನ್ಯ ತಪ್ಪುಗಳು: ದೂರಿನ ಮೇಲನ್ನು ಹಾಗೇ ಲೇಖಕರಿಗೆ ಫಾರ್ವರ್ಡ್ ಮಾಡುವುದು. ದೂರು ಕೊಟ್ಟ ವಿದ್ಯಾರ್ಥಿಯ ಹೆಸರು ಅವರ ಗೈಡ್‌ಗೇ ಸಿಕ್ಕಿಬಿಟ್ಟರೆ ಮುಂದೇನು ಅಂತ ಹೇಳಬೇಕಿಲ್ಲ. ಇನ್ನೊಂದು, ಸಂಪಾದಕ ಮಂಡಳಿಯ ವಾಟ್ಸಾಪ್ ಗ್ರೂಪ್‌ಗೆ ಹಾಕುವುದು. ಸಂಜೆಯೊಳಗೆ ಅದು ಮೂರು ಜಿಲ್ಲೆ ಸುತ್ತಿರುತ್ತದೆ.

ನಂತರ ನೀವೇ ಎರಡೂ ಲೇಖನ ಪಕ್ಕಪಕ್ಕ ಇಟ್ಟು ಓದಿ, ಹೋಲುವ ಕಡೆ ಬಣ್ಣ ಹಚ್ಚಿ. ಯಾವುದು ಮೊದಲು ಪ್ರಕಟವಾಯಿತು ಎಂದು ಕಡ್ಡಾಯವಾಗಿ ನೋಡಿ. ಮೂಲ ಲೇಖಕರ ಮೇಲೆಯೇ ದೂರು ಬಂದ ಉದಾಹರಣೆ ನಾನು ನೋಡಿದ್ದೇನೆ.

## ಹಂತ 7: ಲೇಖಕರಿಗೆ ಪತ್ರ

ಫೋನ್ ಬೇಡ. ಪತ್ರ ಎಲ್ಲ ಲೇಖಕರಿಗೂ ಹೋಗಲಿ, ಮೊದಲ ಹೆಸರಿನವರಿಗೆ ಮಾತ್ರ ಅಲ್ಲ. ಪತ್ರದಲ್ಲಿ ಕಂಡದ್ದನ್ನು ಹೇಳಿ, ಉದ್ದೇಶ ಊಹಿಸಬೇಡಿ. ನಾನು ಬಳಸುವ ಮಾದರಿ:

"ಮಾನ್ಯರೇ, ನಮ್ಮ ಜರ್ನಲ್‌ನಲ್ಲಿ ಪ್ರಕಟವಾದ ನಿಮ್ಮ ಲೇಖನದ 4 ಮತ್ತು 5ನೇ ಪುಟದ ಎರಡು ಪ್ಯಾರಾಗಳು, ಇದರ ಜೊತೆ ಇಟ್ಟಿರುವ ಲೇಖನದ 112ನೇ ಪುಟವನ್ನು ಹೋಲುತ್ತಿವೆ. ಹೋಲುವ ಭಾಗಕ್ಕೆ ಹಳದಿ ಬಣ್ಣ ಹಚ್ಚಿದ್ದೇವೆ. ಇದು ಹೇಗಾಯಿತು ಎಂದು ಮೂರು ವಾರದೊಳಗೆ ಇದೇ ಇಮೇಲ್‌ಗೆ ಬರೆದು ತಿಳಿಸಿ. ನಾವು ಇನ್ನೂ ಯಾವ ತೀರ್ಮಾನಕ್ಕೂ ಬಂದಿಲ್ಲ. ಉತ್ತರ ಬಾರದಿದ್ದರೆ ಅಥವಾ ಉತ್ತರದಿಂದ ವಿಷಯ ತಿಳಿಯಾಗದಿದ್ದರೆ ನಿಮ್ಮ ಸಂಸ್ಥೆಯನ್ನು ಕೇಳಬೇಕಾಗುತ್ತದೆ."

"ಕದ್ದಿದ್ದೀರಿ", "ಮೋಸ", "ನಾಚಿಕೆಗೇಡು" ಇಂಥ ಪದ ಒಂದೂ ಬೇಡ. ನಾಳೆ ಈ ಪತ್ರ ವಕೀಲರ ಕೈಗೂ ಹೋಗಬಹುದು ಅಂದುಕೊಂಡೇ ಬರೆಯಿರಿ.

ಉತ್ತರ ಹಲವು ಥರ ಬರುತ್ತದೆ. ಹೊಸ ವಿದ್ಯಾರ್ಥಿ ಉದ್ಧರಣ ಚಿಹ್ನೆ ಹಾಕಲು ಗೊತ್ತಿಲ್ಲದೆ ಮಾಡಿದ್ದರೆ ಅದು ಒಂದು. "ಲೇಖನ ವಾಪಸ್ ತಗೋತೀನಿ, ವಿಷಯ ಇಲ್ಲಿಗೆ ಬಿಡಿ" ಎಂದರೆ ಅದು ಇನ್ನೊಂದು. ಅಚ್ಚಾದ ಲೇಖನವನ್ನು ಹಾಗೆ ಗುಟ್ಟಾಗಿ ವಾಪಸ್ ತೆಗೆದುಕೊಳ್ಳಲು ಬಿಡಬೇಡಿ. ಇನ್ನೂ ಅಚ್ಚಾಗದ ಲೇಖನವಾದರೂ ಕಾರಣ ಹೇಳದೆ ತಿರಸ್ಕರಿಸಿದರೆ ಅದು ಮುಂದಿನ ವಾರವೇ ಇನ್ನೊಂದು ಜರ್ನಲ್‌ನ ಬಾಗಿಲು ತಟ್ಟುತ್ತದೆ.

## ಹಂತ 8: ಸಂಸ್ಥೆಗೆ ಬರೆಯುವುದು

ಉತ್ತರ ಇಲ್ಲ, ಅಥವಾ ಉತ್ತರ ನಂಬುವಂತಿಲ್ಲ ಎಂದಾದರೆ ಲೇಖಕರ ಸಂಸ್ಥೆಗೆ ಬರೆಯಿರಿ. ಯುಜಿಸಿಯ 2018ರ ನಿಯಮದಂತೆ ಸಂಸ್ಥೆಗಳಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿ ಇರಬೇಕು, ಅದರ ಗಮನಕ್ಕೆ ಎಂದು ಹೆಸರಿಸಿ. ತನಿಖೆ, ಇನ್‌ಕ್ರಿಮೆಂಟ್ ತಡೆ, ವಿದ್ಯಾರ್ಥಿಗಳಿಗೆ ಗೈಡ್ ಆಗದಂತೆ ನಿಷೇಧ, ಎಲ್ಲ ಅವರ ಕೈಯಲ್ಲಿದೆ. ನೀವು "ಈ ಲೇಖಕರನ್ನು ಜೀವನಪೂರ್ತಿ ಕಪ್ಪುಪಟ್ಟಿಗೆ ಹಾಕಿದ್ದೇವೆ" ಎಂದು ಘೋಷಿಸಲು ಹೋಗಬೇಡಿ.

ಸಂಸ್ಥೆಗಳು ಬೇಗ ಉತ್ತರಿಸುವುದಿಲ್ಲ. ಕೋಪ್‌ನ ಸಲಹೆ ಮೂರರಿಂದ ಆರು ತಿಂಗಳಿಗೊಮ್ಮೆ ನೆನಪಿಸಿ ಅಂತ. ನೆನಪಿಸಿ, ಹಾಳೆಯಲ್ಲಿ ಬರೆಯಿರಿ. ಸಂಸ್ಥೆ ಸುಮ್ಮನಿದೆ ಎಂದು ನಿಮ್ಮ ಕೆಲಸ ನಿಲ್ಲಬೇಕಿಲ್ಲ. ಬಣ್ಣ ಹಚ್ಚಿದ ಎರಡು ಪುಟವೇ ಸಾಕಷ್ಟು ಹೇಳುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಿ.

## ಹಂತ 9: ತಿದ್ದುಪಡಿಯೋ, ಎಚ್ಚರಿಕೆಯೋ, ಹಿಂಪಡೆಯುವುದೋ?

ಲೇಖನದ ತೀರ್ಮಾನ ಗಟ್ಟಿಯಾಗಿದ್ದು, ಒಂದೆರಡು ಕಡೆ ಮೂಲ ಹೇಳುವುದು ತಪ್ಪಿದ್ದರೆ ಅಥವಾ ಟೇಬಲ್‌ನಲ್ಲಿ ಅಂಕಿ ಹೆಚ್ಚುಕಡಿಮೆಯಾಗಿದ್ದರೆ ತಿದ್ದುಪಡಿ ಸಾಕು. ತನಿಖೆ ನಡೆಯುತ್ತಿದೆ, ಮುಗಿಯಲು ತುಂಬ ದಿನ ಹಿಡಿಯುತ್ತದೆ ಎಂದಾದರೆ "ಈ ಲೇಖನದ ಬಗ್ಗೆ ಪ್ರಶ್ನೆಗಳಿವೆ, ಪರಿಶೀಲನೆ ನಡೆದಿದೆ" ಎಂಬ ಎಚ್ಚರಿಕೆ ಟಿಪ್ಪಣಿ ಹಾಕಿ. ಫಲಿತಾಂಶವನ್ನೇ ನಂಬುವಂತಿಲ್ಲ, ದೊಡ್ಡ ಭಾಗ ಬೇರೆಯವರದು, ಇದೇ ಲೇಖನ ಬೇರೆ ಕಡೆ ಮೊದಲೇ ಬಂದಿದೆ, ವಿಮರ್ಶೆ ನಕಲಿ, ಅಧ್ಯಯನಕ್ಕೆ ನೈತಿಕ ಅನುಮತಿ ಇರಲಿಲ್ಲ: ಇಂಥವಕ್ಕೆ ಹಿಂಪಡೆಯಬೇಕು.

ಲೇಖಕರ ಹೆಸರಿನ ಜಗಳ ಮಾತ್ರವೇ ಆಗಿದ್ದು, ಕೆಲಸ ಸರಿಯಾಗಿದ್ದರೆ ಸಾಮಾನ್ಯವಾಗಿ ಹಿಂಪಡೆಯಬೇಕಿಲ್ಲ. ಹೆಸರು ತಿದ್ದಿದರೆ ಆಯಿತು.

ಲೇಖಕರು ಒಪ್ಪಲೇಬೇಕು ಎಂದೇನೂ ಇಲ್ಲ. ಸಂಪಾದಕರು ತಾವಾಗಿಯೇ ಹಿಂಪಡೆಯಬಹುದು. ಎಲ್ಲರೂ ಒಪ್ಪಲಿ ಅಂತ ಕಾಯುತ್ತ ಕೂತರೆ ಏನಾಗುತ್ತದೆ? ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ವೇಕ್‌ಫೀಲ್ಡ್ ಅವರ ಲೇಖನ ಬಂದದ್ದು 1998ರಲ್ಲಿ, 12 ಮಕ್ಕಳ ಮೇಲಿನ ಅಧ್ಯಯನ. 2004ರಲ್ಲಿ ಸಹಲೇಖಕರಲ್ಲಿ ಹೆಚ್ಚಿನವರು ಅದರ ವ್ಯಾಖ್ಯಾನವನ್ನು ಕೈಬಿಟ್ಟರು. ಲ್ಯಾನ್ಸೆಟ್ ಪೂರ್ತಿ ಹಿಂಪಡೆದದ್ದು 2010ರಲ್ಲಿ. ಲಸಿಕೆ ಹಾಕಿಸಲು ಹೆದರುವ ತಂದೆತಾಯಿ ಇವತ್ತಿಗೂ ಇದ್ದಾರೆ.

## ಹಂತ 10: ನೋಟಿಸ್ ಬರೆದು ಹಾಕುವುದು

ಹಿಂಪಡೆಯುವುದು ಅಂದರೆ ಅಳಿಸುವುದಲ್ಲ. ಪಿಡಿಎಫ್ ಇರಲಿ. ಪ್ರತಿ ಪುಟದ ಮೇಲೂ "ಹಿಂಪಡೆಯಲಾಗಿದೆ" ಎಂಬ ನೀರಚ್ಚು ಹಾಕಿ. ಲೇಖನದ ಶೀರ್ಷಿಕೆಯ ಆರಂಭದಲ್ಲೂ ಅದೇ ಪದ ಸೇರಿಸಿ. ನೋಟಿಸ್‌ಗೆ ಪ್ರತ್ಯೇಕ ಪುಟ ಇರಲಿ, ಅದರಿಂದ ಲೇಖನಕ್ಕೆ, ಲೇಖನದಿಂದ ಅದಕ್ಕೆ ಲಿಂಕ್ ಇರಲಿ. ಜರ್ನಲ್ ದುಡ್ಡಿನದಾದರೂ ನೋಟಿಸ್ ಎಲ್ಲರಿಗೂ ಉಚಿತವಾಗಿ ತೆರೆದಿರಲಿ. ಡಿಒಐ ಇದ್ದರೆ ಕ್ರಾಸ್‌ರೆಫ್‌ನಲ್ಲಿ ಬದಲಾವಣೆ ದಾಖಲಿಸಿ. ಅಚ್ಚಿನ ಜರ್ನಲ್ ಆದರೆ ನೋಟಿಸನ್ನು ಮುಂದಿನ ಸಂಚಿಕೆಯಲ್ಲಿ ಪುಟಸಂಖ್ಯೆ ಇರುವ ಪುಟದಲ್ಲೇ ಹಾಕಿ, ವಿಷಯಸೂಚಿಯಲ್ಲೂ ತೋರಿಸಿ. ಕೊನೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುಚ್ಚಿಡಬೇಡಿ.

"ಅನಿವಾರ್ಯ ಕಾರಣಗಳಿಂದ ಹಿಂಪಡೆಯಲಾಗಿದೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರು ಹಿಂಪಡೆದರು, ಯಾಕೆ, ಲೇಖಕರು ಒಪ್ಪಿದರೋ ಇಲ್ಲವೋ, ಇಷ್ಟು ಹೇಳಿ. "ಈ ಲೇಖನದ 4 ಮತ್ತು 5ನೇ ಪುಟದ ಭಾಗಗಳು ಮೊದಲೇ ಪ್ರಕಟವಾದ ಇಂಥ ಲೇಖನದಿಂದ ಮೂಲ ಹೇಳದೆ ಬಂದಿವೆ. ಲೇಖಕರಲ್ಲಿ ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಉತ್ತರಿಸಿಲ್ಲ. ಸಂಪಾದಕರು ಹಿಂಪಡೆದಿದ್ದಾರೆ." ಇಷ್ಟೇ ಸಾಕು. ಲೇಖಕರು ತಾವೇ ತಮ್ಮ ತಪ್ಪು ಕಂಡು ಬಂದು ಹೇಳಿದ್ದರೆ ಅದನ್ನೂ ಬರೆಯಿರಿ. ಪ್ರಾಮಾಣಿಕ ತಪ್ಪನ್ನು ಕಳ್ಳತನದ ಪಕ್ಕ ನಿಲ್ಲಿಸುವುದು ಅನ್ಯಾಯ.

ದೂರು ಕೊಟ್ಟವರಿಗೂ ಫಲಿತಾಂಶ ತಿಳಿಸಿ. ಆಮೇಲೆ ಇಡೀ ಫೋಲ್ಡರ್, ಎಕ್ಸೆಲ್ ಹಾಳೆ, ಜರ್ನಲ್ ಇಮೇಲ್‌ನ ಪಾಸ್‌ವರ್ಡ್ ಮೂರನ್ನೂ ಮಂಡಳಿಯ ಇನ್ನೊಬ್ಬರ ಹತ್ತಿರವೂ ಇಡಿ. ನಮ್ಮ ಹಿಂದಿನ ಸಂಪಾದಕರು ನಿವೃತ್ತರಾದಾಗ ಪಾಸ್‌ವರ್ಡ್ ಅವರ ಜೊತೆಗೇ ಹೋಗಿತ್ತು. ಐದು ತಿಂಗಳು ಆ ಡಬ್ಬಿ ತೆರೆಯಲಿಲ್ಲ. ತೆರೆದಾಗ ಒಳಗೆ ಒಂದೇ ಲೇಖನದ ಬಗ್ಗೆ ಮೂರು ದೂರು ಕೂತಿದ್ದವು. ಮೂರನೆಯದರಲ್ಲಿ ಒಂದೇ ಸಾಲು: "ನೀವು ಇದ್ದೀರಾ?"